ಹೆಸರಿನ ಮೇಲಿನ ಸಾಲುಗಳು

(ಶಾಲೆಯ ಸಾಹಿತ್ಯ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಹೋದ ವಾರ ಹತ್ತನೆಯ ತರಗತಿಯ ಹುಡುಗನೊಬ್ಬನು ನನ್ನ ಕೊಠಡಿಯ ಬಾಗಿಲಲ್ಲಿ ಬಂದು ನಿಂತನು. ಅವನ ಕೈಯಲ್ಲಿ ಬಣ್ಣಬಣ್ಣದ ಹಾಳೆಗಳ ಒಂದು ಪುಟ್ಟ ಆಟೋಗ್ರಾಫ್ ಪುಸ್ತಕವಿದ್ದಿತು. ಪರೀಕ್ಷೆ ಹತ್ತಿರ ಬಂದಂತೆ ಪ್ರತಿವರ್ಷವೂ ನಮ್ಮ ಶಾಲೆಯಲ್ಲಿ ಈ ಪುಸ್ತಕಗಳ ಸುಗ್ಗಿ ಆರಂಭವಾಗುವುದನ್ನು ತಾವೆಲ್ಲರೂ ಬಲ್ಲಿರಿ. "ಸಹಿ ಹಾಕಿಕೊಡಿ ಸಾರ್" ಎಂದನು. ನಾನು ಲೇಖನಿಯ ಮುಚ್ಚಳ ತೆಗೆಯುವಷ್ಟರಲ್ಲಿ ಅವನೇ ಮತ್ತೆ ಬಾಯಿ ತೆರೆದು, "ಸಾರ್, ವಿಲಾಯತಿಯಲ್ಲಿ ದೊಡ್ಡ ದೊಡ್ಡ ಕವಿಗಳ ಸಹಿಯನ್ನು ಲಕ್ಷಗಟ್ಟಲೆ ಹಣ ಕೊಟ್ಟು ಕೊಳ್ಳುತ್ತಾರಂತೆ. ಬರಿಯ ಹೆಸರಿಗೆ ಅಷ್ಟು ಹಣವೇಕೆ ಸಾರ್?" ಎಂದು ಕೇಳಿದನು. ಪ್ರಶ್ನೆ ಸಣ್ಣದಾಗಿ ತೋರಿದರೂ ನಾನು ಥಟ್ಟನೆ ಉತ್ತರ ಹೇಳಲಾರದೆ ಹೋದೆನು. "ಪುಸ್ತಕ ಇಲ್ಲಿರಲಿ, ಆಮೇಲೆ ಕೊಡುತ್ತೇನೆ" ಎಂದು ಕಳುಹಿಸಿಬಿಟ್ಟೆನು. ಇಂದಿನ ನನ್ನ ಭಾಷಣವೆಲ್ಲ ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವೇ ಆಗಿದೆ. ಅವನು ಈ ಸಭೆಯಲ್ಲಿಯೇ ಕುಳಿತಿದ್ದಾನೆ. ಯಾರೆಂದು ನಾನು ಹೇಳುವುದಿಲ್ಲ.

'ಆಟೋಗ್ರಾಫ್' ಎಂಬುದಕ್ಕೆ ನಾವು ಸಹಿ ಎಂದಷ್ಟೇ ಅರ್ಥ ಮಾಡುತ್ತೇವೆ. ಗ್ರೀಕ್ ಮೂಲದ ಆ ಮಾತಿಗೆ 'ತಾನೇ ಬರೆದದ್ದು' ಎಂದು ಅರ್ಥ. ಇಂಗ್ಲೆಂಡಿನಲ್ಲಿ ಇವುಗಳ ವ್ಯಾಪಾರ ಮಾಡುವವರು ಈ ಮೂಲಾರ್ಥವನ್ನು ಬಿಟ್ಟಿಲ್ಲ. ಒಬ್ಬ ಗ್ರಂಥಕರ್ತನು ಮೊದಲಿನಿಂದ ಕೊನೆಯವರೆಗೆ ತನ್ನ ಕೈಯಿಂದಲೇ ಬರೆದು ಕೆಳಗೆ ಹೆಸರು ಹಾಕಿದ ಪತ್ರಕ್ಕೆ ಅವರಲ್ಲಿ ಮೊದಲ ಮರ್ಯಾದೆ. ಬೇರೆಯವರಿಗೆ ಹೇಳಿ ಬರೆಯಿಸಿ ತಾನು ಸಹಿ ಮಾತ್ರ ಹಾಕಿದ್ದಾದರೆ ಬೆಲೆ ಒಂದು ಮೆಟ್ಟಲು ಇಳಿಯಿತು. ಬರಿಯ ಕಾಗದದ ಚೂರಿನ ಮೇಲೆ ಹೆಸರೊಂದೇ ಇದ್ದರೆ ಅದು ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಳಗಿನದು. ಪತ್ರದೊಳಗಿನ ವಿಷಯವೂ ಲೆಕ್ಕಕ್ಕೆ ಬರುತ್ತದೆ. 'ನಾಳೆ ಊಟಕ್ಕೆ ಬರಲಾಗುವುದಿಲ್ಲ, ಕ್ಷಮಿಸಿ' ಎಂಬ ಡಿಕನ್ಸನ ಚೀಟಿಗೂ, ತನ್ನ ಕಾದಂಬರಿಯ ಒಂದು ಪಾತ್ರದ ವಿಷಯವಾಗಿ ಅವನು ಬರೆದ ಪತ್ರಕ್ಕೂ ಅಂತರ ಬಹಳ. ಇದಕ್ಕೆ ಒಂದು ದೊಡ್ಡ ಅಪವಾದವುಂಟು. ಆ ಅಪವಾದದ ಹೆಸರು ಷೇಕ್ಸ್‌ಪಿಯರ್.

ಅಷ್ಟು ನಾಟಕಗಳನ್ನು ಬರೆದ ಮಹಾಕವಿಯ ಕೈಬರಹದಲ್ಲಿ ನಿಸ್ಸಂದೇಹವಾಗಿ ಅವನವೆಂದು ಎಲ್ಲರೂ ಒಪ್ಪಿದ ಸಹಿಗಳು ಉಳಿದಿರುವುದು ಆರೇ ಆರು. ಆ ಆರೂ ವ್ಯವಹಾರದ ಕಾಗದಗಳ ಮೇಲಿನವು. ೧೬೧೩ರಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ಎಂಬಲ್ಲಿ ಒಂದು ಮನೆಯನ್ನು ಕೊಂಡಾಗಿನ ಕ್ರಯಪತ್ರದ ಮೇಲೆ ಒಂದು, ಅದೇ ಮನೆಯ ಅಡಮಾನ ಪತ್ರದ ಮೇಲೆ ಒಂದು, ೧೬೧೬ರಲ್ಲಿ ಸಾಯುವುದಕ್ಕೆ ಒಂದು ತಿಂಗಳ ಮೊದಲು ಬರೆಯಿಸಿದ ಮರಣಶಾಸನದ ಮೂರು ಹಾಳೆಗಳ ಮೇಲೆ ಮೂರು. ಉಳಿದ ಒಂದರ ಕಥೆಯನ್ನು ಕೇಳಿದರೆ ಇಲ್ಲಿರುವ ತಾಯಂದಿರಿಗೆ ಆಶ್ಚರ್ಯವಾದೀತು. ಷೇಕ್ಸ್‌ಪಿಯರನು ಬಾಡಿಗೆಗಿದ್ದ ಮನೆಯ ಯಜಮಾನನು ತನ್ನ ಮಗಳ ಮದುವೆಯಲ್ಲಿ ಅಳಿಯನಿಗೆ ಕೊಡುತ್ತೇನೆಂದಿದ್ದ ಹಣವನ್ನು ಕೊಡಲಿಲ್ಲವೆಂದು ಅಳಿಯನು ವ್ಯಾಜ್ಯ ಹೂಡಿದನು. ಮದುವೆಯನ್ನು ಕುದುರಿಸುವುದರಲ್ಲಿ ಕೈಯಿಟ್ಟಿದ್ದ ಷೇಕ್ಸ್‌ಪಿಯರನು ೧೬೧೨ರಲ್ಲಿ ಸಾಕ್ಷಿ ಹೇಳಬೇಕಾಯಿತು. ಎಷ್ಟು ಹಣದ ಮಾತಾಗಿತ್ತೆಂಬುದು ತನಗೆ ನೆನಪಿಲ್ಲವೆಂದು ಹೇಳಿ ಸಹಿ ಹಾಕಿ ಬಂದುಬಿಟ್ಟನು! ಅಮೆರಿಕದಿಂದ ಬಂದ ಒಬ್ಬ ವಿದ್ವಾಂಸನೂ ಅವನ ಪತ್ನಿಯೂ ಲಂಡನ್ನಿನ ದಫ್ತರಖಾನೆಯಲ್ಲಿ ಹಳೆಯ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕಾಗದವನ್ನು ಕಂಡುಹಿಡಿದರು. ಈ ಆರು ಸಹಿಗಳಲ್ಲಿ ಒಂದರಲ್ಲಿಯೂ ಹೆಸರಿನ ಕಾಗುಣಿತವು ನಾವು ಇಂದು ಪಾಠಪುಸ್ತಕದಲ್ಲಿ ಬರೆಯುವಂತಿಲ್ಲ. ಕಾಗುಣಿತಕ್ಕೆ ಅಂಕ ಕಳೆದುಕೊಂಡ ವಿದ್ಯಾರ್ಥಿಗಳು ಇದನ್ನು ನನ್ನ ಮೇಲೆ ಪ್ರಯೋಗಿಸಬಾರದು.

ಅವನು ಬರೆದ ಪತ್ರ ಒಂದೂ ಉಳಿದಿಲ್ಲ. ಅವನಿಗೆ ಇನ್ನೊಬ್ಬರು ಬರೆದದ್ದು ಒಂದೇ ಒಂದು ಉಳಿದಿದೆ. ೧೫೯೮ರಲ್ಲಿ ಊರಿನ ಸ್ನೇಹಿತನೊಬ್ಬನು ಮೂವತ್ತು ಪೌಂಡ್ ಸಾಲ ಬೇಕೆಂದು ಬರೆದ ಪತ್ರವದು. ಅದೂ ಷೇಕ್ಸ್‌ಪಿಯರನ ಕೈ ಸೇರದೆ ಬರೆದವನ ಕಾಗದಗಳಲ್ಲಿಯೇ ಉಳಿದುಬಿಟ್ಟಿತು.

ಇಷ್ಟು ಬರವಿದ್ದಲ್ಲಿ ಹಸಿವೂ ಅಷ್ಟೇ ಇರುತ್ತದೆ. ಆ ಹಸಿವು ಒಂದು ಮನೆಯನ್ನು ಹೇಗೆ ಹಾಳುಮಾಡಿತೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ತಂದೆಮಕ್ಕಳು ಇಬ್ಬರೂ ಕೇಳಬೇಕಾದ ಕಥೆಯಿದು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ನಾರ್‌ಫಕ್ ಬೀದಿಯಲ್ಲಿ ಸ್ಯಾಮ್ಯುಯಲ್ ಐರ್ಲೆಂಡ್ ಎಂಬವನು ವಾಸವಾಗಿದ್ದನು. (ಅದು ಅವನ ಮನೆತನದ ಹೆಸರು, ಐರ್ಲೆಂಡ್ ದೇಶಕ್ಕೂ ಈ ಕಥೆಗೂ ಸಂಬಂಧವಿಲ್ಲ.) ಹಳೆಯ ಪುಸ್ತಕ, ಚಿತ್ರ, ಹೆಸರಾಂತವರ ವಸ್ತುಗಳು, ಇವುಗಳನ್ನು ಕೂಡಿಡುವುದೇ ಅವನ ಜೀವನದ ಸುಖ. ಎಲ್ಲಕ್ಕಿಂತ ಮಿಗಿಲಾಗಿ ಷೇಕ್ಸ್‌ಪಿಯರನ ಭಕ್ತ. ರಾತ್ರಿಯ ಊಟವಾದ ಮೇಲೆ ಮನೆಯವರಿಗೆಲ್ಲ ಆ ನಾಟಕಗಳನ್ನು ಗಟ್ಟಿಯಾಗಿ ಓದಿಹೇಳುತ್ತಿದ್ದನು. ಅವನ ಮಗ ವಿಲಿಯಂ ಹೆನ್ರಿಯು ಓದಿನಲ್ಲಿ ಹಿಂದೆ ಬಿದ್ದವನು. ತಂದೆಗೆ ಅವನ ಬುದ್ಧಿಯ ಮೇಲೆ ಯಾವ ಭರವಸೆಯೂ ಇರಲಿಲ್ಲ. ಅವನನ್ನು ಒಬ್ಬ ವಕೀಲನ ಬಳಿ ಗುಮಾಸ್ತೆಯ ಕೆಲಸ ಕಲಿಯಲು ಇಟ್ಟಿದ್ದರು.

೧೭೯೩ರಲ್ಲಿ ತಂದೆಮಕ್ಕಳಿಬ್ಬರೂ ಕವಿಯ ಊರಾದ ಸ್ಟ್ರಾಟ್‌ಫರ್ಡಿಗೆ ಹೋದರು. ಅಲ್ಲಿಗೆ ಸಮೀಪದ ಒಂದು ಹಳೆಯ ಮನೆಯ ಒಕ್ಕಲಿಗನು ಇವರ ಆಸೆಯನ್ನು ಕಂಡು ತಮಾಷೆಗಾಗಿ, 'ಅಯ್ಯೋ, ಹದಿನೈದು ದಿನ ಮೊದಲು ಬಂದಿದ್ದರೆ ಆಗುತ್ತಿತ್ತು! ಷೇಕ್ಸ್‌ಪಿಯರನ ಕಾಗದಗಳು ಬುಟ್ಟಿಗಟ್ಟಲೆ ಇದ್ದವು. ಜಾಗ ಬೇಕೆಂದು ಸುಟ್ಟುಬಿಟ್ಟೆವು' ಎಂಬರ್ಥದ ಮಾತಾಡಿದನು. ತಂದೆಯು ಅದನ್ನು ನಿಜವೆಂದೇ ತಿಳಿದು ಸಂಕಟಪಟ್ಟನು. ಕವಿಯ ಒಂದು ಸಹಿ ದೊರೆತರೆ ತನ್ನ ಪುಸ್ತಕಭಂಡಾರವನ್ನೆಲ್ಲ ಕೊಟ್ಟುಬಿಡುವೆನೆಂದು ಹೇಳುತ್ತಿದ್ದನೆಂದು ಮಗನು ಮುಂದೆ ಬರೆದಿದ್ದಾನೆ.

ಮಗನು ಆ ಮಾತನ್ನು ಕಿವಿಯಲ್ಲಿಟ್ಟುಕೊಂಡನು. ವಕೀಲನ ಕಚೇರಿಯಲ್ಲಿ ಹಳೆಯ ಕರಾರುಪತ್ರಗಳು ರಾಶಿರಾಶಿಯಾಗಿದ್ದವು. ಅವುಗಳ ಖಾಲಿ ಚರ್ಮದ ತುಂಡುಗಳು ದೊರೆತವು. ಒಬ್ಬ ಪುಸ್ತಕದಂಗಡಿಯವನಿಗೆ ಐದು ಷಿಲಿಂಗ್ ಕೊಟ್ಟು ಹಳೆಯ ದೊಡ್ಡ ಪುಸ್ತಕಗಳ ಖಾಲಿ ಹಾಳೆಗಳನ್ನು ಹರಿದುಕೊಂಡನು. ರಟ್ಟು ಕಟ್ಟುವವನ ಬಳಿ ಒಂದು ಬಗೆಯ ಮಸಿ ಸಿಕ್ಕಿತು. ಅದರಿಂದ ಬರೆದು ಬೆಂಕಿಯ ಮುಂದೆ ಹಿಡಿದರೆ ಅಕ್ಷರಗಳು ನೂರಾರು ವರ್ಷದವುಗಳಂತೆ ಕಂದುಬಣ್ಣಕ್ಕೆ ತಿರುಗುತ್ತಿದ್ದವು. ಎಲಿಜಬೆತ್ ರಾಣಿಯ ಕಾಲದ ಕಾಗದದಲ್ಲಿ ಹೂಜಿಯ ನೀರಚ್ಚು ಹೆಚ್ಚಾಗಿರುತ್ತಿತ್ತೆಂದು ತಿಳಿದ ಮೇಲೆ ಹೂಜಿಯಿರುವ ಹಾಳೆಗಳನ್ನೇ ಆರಿಸಿದನು. ೧೭೯೪ರ ಡಿಸೆಂಬರ್ ತಿಂಗಳಲ್ಲಿ ಷೇಕ್ಸ್‌ಪಿಯರನ ಸಹಿಯೂ ಮುದ್ರೆಯೂ ಇರುವ ಒಂದು ಕರಾರುಪತ್ರವನ್ನು ತಂದು ತಂದೆಯ ಕೈಯಲ್ಲಿಟ್ಟನು. ಹೆಸರು ಹೇಳಲೊಲ್ಲದ ಒಬ್ಬ ಶ್ರೀಮಂತನ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ಕಥೆ ಕಟ್ಟಿದನು. ಆಗ ಅವನ ವಯಸ್ಸು ಹತ್ತೊಂಬತ್ತರ ಆಸುಪಾಸು. ನಮ್ಮ ಶಾಲೆ ಬಿಟ್ಟು ಎರಡು ಮೂರು ವರ್ಷವಾದ ಹುಡುಗರ ವಯಸ್ಸು.

ಅಂದಿನವರೆಗೆ ದಡ್ಡನೆನ್ನಿಸಿಕೊಂಡಿದ್ದವನ ಮುಖವನ್ನು ತಂದೆಯು ಮೊದಲ ಸಲ ನೆಟ್ಟಗೆ ನೋಡಿದನು. 'ಇನ್ನೂ ಇದೆಯೇ?' ಎಂದು ಕೇಳಿದನು. ಮಗನು ಇನ್ನೂ ತಂದನು. ರಸೀತಿಗಳು ಬಂದವು, ಹೆಂಡತಿಯಾಗುವವಳಿಗೆ ಕವಿ ಬರೆದ ಪತ್ರವು ಒಂದು ಎಳೆ ಕೂದಲಿನೊಡನೆ ಬಂದಿತು, 'ಲಿಯರ್ ದೊರೆ'ಯ ಹಸ್ತಪ್ರತಿ ಬಂದಿತು. ನಾರ್‌ಫಕ್ ಬೀದಿಗೆ ದೊಡ್ಡ ದೊಡ್ಡವರು ದರ್ಶನಕ್ಕೆ ಬಂದರು. ಡಾಕ್ಟರ್ ಜಾನ್ಸನ್ನನ ಜೀವನಚರಿತ್ರೆಯನ್ನು ಬರೆದ ಬಾಸ್ವೆಲ್ಲನು ೧೭೯೫ರಲ್ಲಿ ಬಂದು ಆ ಕಾಗದಗಳ ಮುಂದೆ ಮೊಣಕಾಲೂರಿ ಮುತ್ತಿಟ್ಟನು.

ಒಮ್ಮೆ ಸಿಕ್ಕಿಬೀಳುವ ಸಮಯ ಬಂದಿತು. ಷೇಕ್ಸ್‌ಪಿಯರನ ಜೊತೆಗಾರ ಜಾನ್ ಹೆಮಿಂಜ್ ಎಂಬ ನಟನ ಸಹಿಯನ್ನೂ ಈ ಹುಡುಗನು ಸೃಷ್ಟಿಸಿದ್ದನು. ಅದೇ ನಟನ ನಿಜವಾದ ಸಹಿಯೊಂದು ಬೇರೆಡೆ ಸಿಕ್ಕಿ, ಎರಡಕ್ಕೂ ಹೋಲಿಕೆಯೇ ಇಲ್ಲವೆಂದು ಕಂಡುಬಂದಿತು. ಹುಡುಗನು ನಿಜವಾದ ಸಹಿಯನ್ನು ಒಮ್ಮೆ ನೋಡಿ, ಓಡಿಹೋಗಿ, ಅದರಂತೆಯೇ ಇನ್ನೊಂದು ರಸೀತಿಯನ್ನು ಬರೆದು ತಂದು, ಜಾನ್ ಹೆಮಿಂಜ್ ಎಂಬವರು ಇಬ್ಬರಿದ್ದರು, ಒಬ್ಬನು ಎತ್ತರದವನು, ಇನ್ನೊಬ್ಬನು ಗಿಡ್ಡನು ಎಂದುಬಿಟ್ಟನು! ಈ ಚುರುಕುತನವನ್ನು ತಂದೆಯು ಎಂದಾದರೂ ನೇರವಾಗಿ ಕಂಡಿದ್ದರೆ ಹುಡುಗನ ಹಣೆಯಬರಹ ಬೇರೆಯಾಗುತ್ತಿತ್ತೋ ಏನೋ ಎಂದು ನನಗೆ ಅನ್ನಿಸುತ್ತದೆ.

ಕೊನೆಗೆ ಷೇಕ್ಸ್‌ಪಿಯರನದೆಂದು ಒಂದು ಇಡೀ ನಾಟಕವನ್ನೇ ಬರೆದನು. 'ವಾರ್ಟಿಜರ್ನ್' ಎಂಬ ಆ ನಾಟಕವನ್ನು ೧೭೯೬ರ ಏಪ್ರಿಲ್ ೨ರಂದು ಡ್ರೂರಿ ಲೇನ್ ರಂಗಮಂದಿರದಲ್ಲಿ ಆಡಿದರು. ಎರಡು ದಿನ ಮೊದಲಷ್ಟೇ ಎಡ್ಮಂಡ್ ಮಲೋನ್ ಎಂಬ ಐರಿಷ್ ವಿದ್ವಾಂಸನು ಈ ಕಾಗದಗಳೆಲ್ಲ ಕೃತಕವೆಂದು ನಾನೂರು ಪುಟಕ್ಕೆ ಮೀರಿದ ಗ್ರಂಥವನ್ನು ಪ್ರಕಟಿಸಿದ್ದನು. ಕಾಗುಣಿತ ಆ ಕಾಲದ್ದಲ್ಲ, ಮಾತುಗಳು ಆ ಕಾಲದವಲ್ಲ, ಕೈಬರಹ ಯಾರದ್ದೂ ಅಲ್ಲ ಎಂದು ಒಂದೊಂದನ್ನೂ ಸಾಧಿಸಿ ತೋರಿಸಿದ್ದನು. ನಾಟಕವು ಪ್ರೇಕ್ಷಕರ ನಗೆಯಲ್ಲಿ ಮುಳುಗಿತು. ಎರಡನೆಯ ದಿನ ಅದನ್ನು ಆಡಲಿಲ್ಲ. ಮೋಸ ಮಾಡಿದವನು ತಂದೆಯೇ ಎಂದು ಜನ ದೂಷಿಸತೊಡಗಿದರು. ಮಗನು ಆ ವರ್ಷವೇ ತಪ್ಪನ್ನು ಒಪ್ಪಿಕೊಂಡು, ತಂದೆಗೆ ಏನೂ ತಿಳಿಯದೆಂದು ಬರೆದು ಪ್ರಕಟಿಸಿದನು. ತಂದೆಯು ಅದನ್ನು ನಂಬಲಿಲ್ಲ. ಇಷ್ಟನ್ನೆಲ್ಲ ಬರೆಯುವ ಶಕ್ತಿ ತನ್ನ ಮಗನಿಗೆ ಎಲ್ಲಿಂದ ಬರಬೇಕು ಎಂಬುದೇ ಅವನ ವಾದವಾಗಿತ್ತು. ಕಾಗದಗಳು ನಿಜವಾದವೆಂದು ಹೇಳುತ್ತಲೇ ೧೮೦೦ರಲ್ಲಿ ತೀರಿಕೊಂಡನು. ಕಾಗದಗಳು ಸುಳ್ಳೆಂದು ಒಪ್ಪುವುದಕ್ಕೆ ಮಗನು ಬುದ್ಧಿವಂತನೆಂದು ಒಪ್ಪಬೇಕಾಗಿತ್ತು. ಅದು ಅವನಿಂದ ಆಗಲಿಲ್ಲ. ಮಗನು ಮುಂದೆ ಬಡತನದಲ್ಲಿ, ತನ್ನ ಸುಳ್ಳು ಕಾಗದಗಳಿಗೇ ಮತ್ತೆ ನಕಲು ಮಾಡಿ 'ಅಸಲು ನಕಲಿ' ಎಂದು ಮಾರಿ ಹೊಟ್ಟೆ ಹೊರೆದದ್ದೂ ಉಂಟು.

ಇಂತಹ ಕಳ್ಳತನಗಳು ಇಲ್ಲಿಗೇ ನಿಲ್ಲಲಿಲ್ಲ. ೧೮೫೨ರಲ್ಲಿ ಷೆಲ್ಲಿಯ ಪತ್ರಗಳೆಂದು ಒಂದು ಪುಸ್ತಕವು ಹೊರಟಿತು. ಮುನ್ನುಡಿ ಬರೆದವನು ಸಾಮಾನ್ಯನಲ್ಲ, ರಾಬರ್ಟ್ ಬ್ರೌನಿಂಗ್. ಅದರಲ್ಲಿನ ಒಂದು ಪತ್ರವನ್ನು ಓದುತ್ತಿದ್ದ ಪಾಲ್‌ಗ್ರೇವ್ ಎಂಬ ತರುಣನು, 'ಇದು ನನ್ನ ತಂದೆ ಒಂದು ಪತ್ರಿಕೆಗೆ ಬರೆದ ಲೇಖನದ ಮಾತಲ್ಲವೇ!' ಎಂದು ಗುರುತು ಹಿಡಿದನು. ಪುಸ್ತಕವನ್ನು ಕೂಡಲೇ ಹಿಂದಕ್ಕೆ ತೆಗೆದುಕೊಂಡರು. ಎಡಿನ್‌ಬರೋದಲ್ಲಿ ಬರ್ನ್ಸ್, ಸ್ಕಾಟ್ ಮೊದಲಾದವರ ಪತ್ರಗಳನ್ನು ಕೃತಕವಾಗಿ ತಯಾರಿಸುತ್ತಿದ್ದ ಒಬ್ಬನಿಗೆ ೧೮೯೩ರಲ್ಲಿ ಒಂದು ವರ್ಷದ ಸಜೆಯಾಯಿತು. ಯಾರೂ ಮೋಸ ಮಾಡದೆಯೇ ಮೋಸ ಹೋಗುವುದೂ ಉಂಟು. ಪ್ಯಾರಿಸ್ಸಿನಲ್ಲಿ ಅಚ್ಚಾದ ಬೈರನ್ನನ ಗ್ರಂಥದಲ್ಲಿ ಅವನ ಒಂದು ಪತ್ರದ ಪಡಿಯಚ್ಚನ್ನು ಸೇರಿಸಿದ್ದರು; ಪುಸ್ತಕದಿಂದ ಬೇರೆಯಾದ ಆ ಹಾಳೆಯನ್ನು ಮೂಲಪತ್ರವೆಂದೇ ನಂಬಿ ಸಂತೋಷಪಟ್ಟವರು ಎಷ್ಟೋ ಮಂದಿ. ಆದುದರಿಂದಲೇ ಬಲ್ಲವರು ಹೆಸರನ್ನು ಕೊನೆಯಲ್ಲಿ ನೋಡುತ್ತಾರೆ. ಮೊದಲು ಕಾಗದವನ್ನು ಬೆಳಕಿಗೆ ಹಿಡಿದು ನೀರಚ್ಚು ನೋಡುತ್ತಾರೆ. ಮಸಿಯು ಕಾಗದದೊಳಗೆ ಇಳಿದಿದೆಯೇ, ಮಡಿಕೆಯ ಗುರುತು ಸಹಜವೇ, ಅಂಚೆಯ ಮುದ್ರೆಯ ದಿನಾಂಕಕ್ಕೂ ಪತ್ರದ ಊರಿಗೂ ಹೊಂದುವುದೇ ಎಂದು ಪರೀಕ್ಷಿಸುತ್ತಾರೆ. ಸುಳ್ಳು ಬರೆಯುವವನ ಗಮನವೆಲ್ಲ ಹೆಸರಿನ ಮೇಲಿರುತ್ತದೆ. ಅವನು ಸಿಕ್ಕಿಬೀಳುವುದು ಮೇಲಿನ ಸಾಲುಗಳಲ್ಲಿ.

ಈಗ ಕತ್ತರಿಯ ವಿಷಯ. ೧೮೪೦ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟಿನ ಸದಸ್ಯರು ಪತ್ರದ ಹೊರಮೈಯಲ್ಲಿ ತಮ್ಮ ಹೆಸರು ಬರೆದರೆ ಅದು ಅಂಚೆಯ ಕೂಲಿಯಿಲ್ಲದೆ ಹೋಗುತ್ತಿದ್ದಿತು. ಬೈರನ್ನನೂ ಪ್ರಭುವಾದುದರಿಂದ ಅವನಿಗೂ ಆ ಹಕ್ಕಿತ್ತು. ಸಹಿಯ ಹುಚ್ಚಿನವರು ಆ ಹೊರಭಾಗವನ್ನಷ್ಟೇ ಕತ್ತರಿಸಿಟ್ಟುಕೊಂಡು ಒಳಗಿನ ಪತ್ರವನ್ನು ಎಸೆದರು. ಒಳಗಿನ ಪತ್ರದಿಂದಲೂ ಕೆಳಗಿನ ಹೆಸರನ್ನು ಮಾತ್ರ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುವುದು ಹತ್ತೊಂಬತ್ತನೆಯ ಶತಮಾನದ ಮನೆಗಳಲ್ಲಿ ಗೌರವದ ಕಾಲಕ್ಷೇಪವಾಗಿತ್ತು. ಕೀಟ್ಸನ ಒಂದು ಕವಿತೆಯ ಕೈಬರಹದ ಪ್ರತಿಯನ್ನು ಅವನ ಗೆಳೆಯ ಕೌಡನ್ ಕ್ಲಾರ್ಕನು ಚೂರುಚೂರಾಗಿ ಕತ್ತರಿಸಿ, ಕೇಳಿದವರಿಗೆ ನೆನಪಿನ ಕಾಣಿಕೆಯಾಗಿ ಹಂಚಿದನು. ಪ್ರೀತಿಯಿಂದಲೇ ಹಂಚಿದನು. ವಿದ್ವಾಂಸರು ಇಂದಿಗೂ ಆ ಚೂರುಗಳನ್ನು ಬೇರೆ ಬೇರೆ ಕಡೆಯಿಂದ ಹುಡುಕಿ ಕೂಡಿಸಬೇಕಾಗಿದೆ.

ಅವರನ್ನು ಬೈಯುವ ಅಧಿಕಾರ ನನಗಿಲ್ಲ. ಮಕ್ಕಳೇ, ನಾನು ಎಸ್.ಎಸ್.ಎಲ್.ಸಿ. ಮುಗಿಸಿದ ವರ್ಷ ನನ್ನ ಬಳಿಯೂ ಒಂದು ಆಟೋಗ್ರಾಫ್ ಪುಸ್ತಕವಿದ್ದಿತು. ನಮಗೆ ಕನ್ನಡ ಹೇಳಿಕೊಟ್ಟ ಪಂಡಿತರು ಆ ವೇಳೆಗೆ ನಿವೃತ್ತರಾಗಿ ತಮ್ಮ ಊರಿಗೆ ಹೋಗಿದ್ದರು. ನಾನು ತೇರ್ಗಡೆಯಾದ ಸುದ್ದಿ ತಿಳಿದು ಅವರು ನನಗೊಂದು ಪತ್ರ ಬರೆದರು. ಹಾಳೆಯ ಎರಡೂ ಮಗ್ಗುಲಲ್ಲಿ ಒತ್ತಾಗಿ ಬರೆದ ಪತ್ರ. ನಾನು ಅದನ್ನು ಒಮ್ಮೆ ಓದಿದೆನು. ಓದಿದೆನೆಂದು ಹೇಳುವುದಕ್ಕಿಂತ ಕಣ್ಣು ಹಾಯಿಸಿದೆನೆಂದರೆ ಸರಿ. ನನಗೆ ಬೇಕಾಗಿದ್ದುದು ಅವರ ಸಹಿ. ಅಮ್ಮನ ಹೊಲಿಗೆಯ ಕತ್ತರಿಯಿಂದ ಅದನ್ನು ನೀಟಾಗಿ ಕತ್ತರಿಸಿ, ಗೋಂದು ಹಚ್ಚಿ, ಒಬ್ಬ ಕ್ರಿಕೆಟ್ ಆಟಗಾರನ ಚಿತ್ರದ ಎದುರಿನ ಪುಟಕ್ಕೆ ಅಂಟಿಸಿದೆನು. ಪತ್ರದ ಉಳಿದ ಭಾಗ ಹಳೆಯ ಪತ್ರಿಕೆಗಳೊಡನೆ ಎಲ್ಲಿಗೋ ಹೋಯಿತು.

ಎಷ್ಟೋ ವರ್ಷಗಳ ಮೇಲೆ, ನಾನೇ ಮೇಷ್ಟ್ರಾದ ಬಳಿಕ, ಪಂಡಿತರು ತೀರಿಕೊಂಡ ಸುದ್ದಿ ಬಂದ ದಿನ ಆ ಪುಸ್ತಕವನ್ನು ಹುಡುಕಿ ತೆಗೆದೆನು. ಗೋಂದು ಒಣಗಿ ಚೀಟಿಯು ಕಳಚಿ ಕೈಗೆ ಬಂದಿತು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಮೊದಲ ಮಗ್ಗುಲಿನ ಅಕ್ಷರಗಳು! ಮೇಲೂ ಕೆಳಗೂ ಕತ್ತರಿ ನಡೆದಿದ್ದುದರಿಂದ ನಡುವಿನ ಒಂದು ಸಾಲಿನ ತುಂಡು ಮಾತ್ರ ಉಳಿದಿದ್ದಿತು: 'ಮರೆಯದೆ ನಿನ್ನ ತಂದೆಯವರಿಗೆ'. ಅಷ್ಟೇ. ಮರೆಯದೆ ತಂದೆಯವರಿಗೆ ಏನು ಹೇಳಬೇಕಾಗಿತ್ತು? ನಮಸ್ಕಾರವೇ, ಬುದ್ಧಿಮಾತೇ, ನನ್ನ ಮುಂದಿನ ಓದಿನ ವಿಷಯವೇ? ನಾನು ಅದನ್ನು ತಂದೆಗೆ ಹೇಳಿದೆನೇ, ಇಲ್ಲವೇ? ಕೇಳೋಣವೆಂದರೆ ಪಂಡಿತರೂ ಇಲ್ಲ, ತಂದೆಯೂ ಇಲ್ಲ. ಹೆಸರು ಮಾತ್ರ ಅಂದಚಂದವಾಗಿ ಉಳಿದಿದೆ.

ಪತ್ರವು ಯಾರ ಸೊತ್ತು ಎಂಬ ಪ್ರಶ್ನೆ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ೧೭೪೧ರಷ್ಟು ಹಿಂದೆಯೇ ಬಂದಿತ್ತು. ಕರ್ಲ್ ಎಂಬ ಪುಸ್ತಕವ್ಯಾಪಾರಿಯು ಪೋಪ್ ಕವಿಯ ಪತ್ರಗಳನ್ನು ಅವನ ಅಪ್ಪಣೆಯಿಲ್ಲದೆ ಅಚ್ಚುಮಾಡಿದಾಗ ಪೋಪನು ವ್ಯಾಜ್ಯ ಹೂಡಿದನು. ಕಾಗದವು ಪಡೆದವನದು, ಅದನ್ನು ಅಚ್ಚುಮಾಡಿಸುವ ಹಕ್ಕು ಮಾತ್ರ ಬರೆದವನದು ಎಂದು ನ್ಯಾಯಾಧೀಶನು ಹೇಳಿದನು. ಕೊಂಡವನಿಗೂ ಕಾಗದದ ಮೇಲಿನ ಹಕ್ಕಷ್ಟೇ ದೊರೆಯುತ್ತದೆ.

ಇದಲ್ಲದೆ, ಎಲ್ಲ ಪತ್ರಗಳೂ ಉಳಿಯಲೇಬೇಕೆಂದು ಬರೆದವರು ಬಯಸುವುದಿಲ್ಲ. ಜೇನ್ ಆಸ್ಟಿನ್ ತನ್ನ ಅಕ್ಕ ಕಸಾಂಡ್ರಳಿಗೂ ಇತರರಿಗೂ ಬರೆದ ಪತ್ರಗಳಲ್ಲಿ ಇಂದು ಉಳಿದಿರುವವು ಸುಮಾರು ೧೬೦. ಬಹಳಷ್ಟನ್ನು ಆ ಅಕ್ಕನೇ ಸುಟ್ಟಳು. ಕೆಲವನ್ನು ಅಲ್ಲಲ್ಲಿ ಕತ್ತರಿಸಿದಳು. ತಂಗಿಯ ಮನಸ್ಸಿನ ಮಾತು ಕಂಡವರ ಬಾಯಿಗೆ ಬೀಳದಿರಲೆಂಬ ಎಣಿಕೆ ಇದ್ದಿರಬೇಕು. ಡಿಕನ್ಸನು ೧೮೬೦ರ ಸೆಪ್ಟೆಂಬರಿನಲ್ಲಿ ಗ್ಯಾಡ್ಸ್ ಹಿಲ್ಲಿನ ತನ್ನ ಮನೆಯ ಹಿತ್ತಲಲ್ಲಿ, ಸ್ನೇಹಿತರು ತನಗೆ ಬರೆದ ಪತ್ರಗಳನ್ನೆಲ್ಲ ರಾಶಿ ಹಾಕಿ ಬೆಂಕಿ ಕೊಟ್ಟನು. ಅವನು ಇತರರಿಗೆ ಬರೆದವು ಮಾತ್ರ ಅವನ ಕೈಗೆ ಸಿಕ್ಕಲಿಲ್ಲ. ಅಂತಹವು ೧೪,೦೦೦ಕ್ಕೂ ಮಿಕ್ಕು ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾಗಿವೆ.

ಕೀಟ್ಸನು ೧೮೨೧ರಲ್ಲಿ ಇಪ್ಪತ್ತೈದನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ರೋಮ್ ನಗರದಲ್ಲಿ ತೀರಿಕೊಂಡನು. ಅವನು ಮದುವೆಯಾಗಬೇಕೆಂದಿದ್ದ ಫ್ಯಾನಿ ಬ್ರಾನ್ ಎಂಬ ಕನ್ಯೆಗೆ ಬರೆದ ಪತ್ರಗಳನ್ನು ಅವಳು ಬದುಕಿರುವವರೆಗೂ ಕಾಪಾಡಿದಳು. ಅವಳ ಮಗನು ೧೮೮೫ರಲ್ಲಿ ಅವುಗಳನ್ನು ಲಂಡನ್ನಿನಲ್ಲಿ ಹರಾಜಿಗೆ ಹಾಕಿಸಿದನು. ಆ ಹರಾಜಿಗೆ ಹೋಗಿದ್ದ ಐರಿಷ್ ಕವಿ ಆಸ್ಕರ್ ವೈಲ್ಡನು ನೊಂದು ಅದರ ಮೇಲೆ ಒಂದು ಸುನೀತವನ್ನು ಬರೆದನು. ವಿಧಿಯ ಆಟ ನೋಡಿ: ಹನ್ನೆರಡು ವರ್ಷಗಳ ಮೇಲೆ ಅದೇ ವೈಲ್ಡನು ಸೆರೆಮನೆಯಲ್ಲಿ ಕುಳಿತು, ಸೆರೆಮನೆಯ ಕಾಗದದ ಮೇಲೆ, ತನ್ನ ಜೀವನದ ಅತ್ಯಂತ ದೀರ್ಘವಾದ ಪತ್ರವನ್ನು ಬರೆದನು. ಅದನ್ನು ಅಲ್ಲಿಂದ ಕಳುಹಿಸಲು ಅಪ್ಪಣೆಯಾಗಲಿಲ್ಲ. ೧೮೯೭ರಲ್ಲಿ ಬಿಡುಗಡೆಯಾಗುವಾಗ ಅವನ ಕೈಗೆ ಕೊಟ್ಟರು. ಅವನ ಸ್ನೇಹಿತ ರಾಬರ್ಟ್ ರಾಸನು ಆ ಮೂಲಪ್ರತಿಯನ್ನು ಯಾರಿಗೂ ಮಾರದೆ, ೧೯೦೯ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿ, ಐವತ್ತು ವರ್ಷ ತೆರೆಯಬಾರದೆಂದು ಕರಾರು ಮಾಡಿದನು. ಆ ಮೂಲದಂತೆ ಪೂರ್ತಿ ಪತ್ರವು ಅಚ್ಚಾದುದು ೧೯೬೨ರಲ್ಲಿ.

ಇಂತಹ ಕಾವಲುಗಾರರಲ್ಲಿ ಇನ್ನೊಬ್ಬನ ಹೆಸರನ್ನು ನಾನು ಹೇಳಲೇಬೇಕು. ೧೯೪೦ರಲ್ಲಿ ಜರ್ಮನ್ ಸೈನ್ಯವು ಪ್ಯಾರಿಸ್ಸನ್ನು ಹಿಡಿದಾಗ ಐರಿಷ್ ಕಾದಂಬರಿಕಾರ ಜೇಮ್ಸ್ ಜಾಯ್ಸನ ಕಾಗದಪತ್ರಗಳು ಆ ಊರಿನ ಅವನ ಮನೆಯಲ್ಲಿಯೇ ಉಳಿದಿದ್ದವು. ಪಾಲ್ ಲಿಯೋನ್ ಎಂಬ ಸ್ನೇಹಿತನು ಅವುಗಳನ್ನು ಜೋಪಾನವಾಗಿ ತೆಗೆದು ಐರ್ಲೆಂಡಿನ ರಾಯಭಾರಿಗೆ ತಲುಪಿಸಿ, ಡಬ್ಲಿನ್ನಿನ ರಾಷ್ಟ್ರೀಯ ಪುಸ್ತಕಾಲಯಕ್ಕೆ ಸೇರುವಂತೆ ಮಾಡಿದನು. ಲಿಯೋನ್ ಯೆಹೂದಿ. ತಾನು ಮಾತ್ರ ತಪ್ಪಿಸಿಕೊಳ್ಳಲಾರದೆ ಹೋದನು. ೧೯೪೨ರಲ್ಲಿ ಆಷ್‌ವಿಟ್ಸ್ ಎಂಬ ಭಯಂಕರ ಶಿಬಿರದಲ್ಲಿ ಅವನ ಪ್ರಾಣ ಹೋಯಿತು. ಅವನು ಕಾಪಾಡಿದ ಕಾಗದಗಳು ಐವತ್ತು ವರ್ಷಗಳ ಬಳಿಕ ಡಬ್ಲಿನ್ನಿನಲ್ಲಿ ತೆರೆಯಲ್ಪಟ್ಟವು.

ಸಂಗ್ರಹವೇ ತಪ್ಪೆಂದು ನಾನು ಹೇಳುವುದಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನ ಗಿರಣಿಯ ಮಾಲೀಕ ವಿಲಿಯಂ ಲಾ ಎಂಬವನು ಬರ್ನ್ಸ್, ಸ್ಕಾಟ್, ಬ್ರಾಂಟಿ ಸೋದರಿಯರು ಮೊದಲಾದವರ ಹಸ್ತಪ್ರತಿಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕೂಡಿಟ್ಟನು. ಎಮಿಲಿ ಬ್ರಾಂಟಿಯ ಕವಿತೆಗಳ ಕೈಬರಹದ ಪುಸ್ತಕ ಅದರಲ್ಲಿದ್ದಿತು. ೨೦೨೧ರಲ್ಲಿ ಅದು ಹರಾಜಿಗೆ ಬಂದಾಗ, ಒಂದೊಂದು ಹಾಳೆ ಒಂದೊಂದು ದಿಕ್ಕಿಗೆ ಹೋಗಬಹುದೆಂದು ಅಲ್ಲಿನ ಪುಸ್ತಕಾಲಯಗಳೆಲ್ಲ ಒಂದುಗೂಡಿ ಹರಾಜನ್ನು ಮುಂದಕ್ಕೆ ಹಾಕಿಸಿ, ದಾನಿಗಳ ನೆರವಿನಿಂದ ಒಂದೂವರೆ ಕೋಟಿ ಪೌಂಡ್ ಸೇರಿಸಿ, ಇಡೀ ಸಂಗ್ರಹವನ್ನು ಸಾರ್ವಜನಿಕರಿಗಾಗಿ ಉಳಿಸಿಕೊಂಡವು. ಗಿರಣಿಯವನು ಕತ್ತರಿ ಹಿಡಿಯದೆ ಇದ್ದುದರಿಂದ ಉಳಿಸಲು ಏನಾದರೂ ಇದ್ದಿತು.

ದೂರದ ದೇಶದ ಸುದ್ದಿ ಸಾಕು, ನಮಗೇನು ಸಂಬಂಧ ಎಂದು ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರು ಯೋಚಿಸುತ್ತಿರಬಹುದು. ಬರ್ನ್ಸ್, ಷೆಲ್ಲಿ ಇವರನ್ನು ಬಿ.ಎಂ.ಶ್ರೀಯವರು 'ಇಂಗ್ಲಿಷ್ ಗೀತಗಳು' ಪುಸ್ತಕದಲ್ಲಿ ನಮ್ಮವರನ್ನಾಗಿ ಮಾಡಿದ್ದಾರೆ, ಅದಿರಲಿ. ಮೈಸೂರಿನಲ್ಲಿ ನೆಲೆಸಿದ್ದ ತರುಣ ಆರ್.ಕೆ. ನಾರಾಯಣರು ತಮ್ಮ ಮೊದಲ ಕಾದಂಬರಿಯು ಪ್ರಕಾಶಕರಿಂದ ಮತ್ತೆ ಮತ್ತೆ ಹಿಂದಿರುಗಿದಾಗ ಬೇಸತ್ತು, ಆಕ್ಸ್‌ಫರ್ಡಿನಲ್ಲಿದ್ದ ಸ್ನೇಹಿತನಿಗೆ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕೆಂದು ಬರೆದರು. ಸ್ನೇಹಿತನು ಹಾಗೆ ಮಾಡದೆ ಗ್ರಹಾಂ ಗ್ರೀನ್ ಎಂಬ ಇಂಗ್ಲಿಷ್ ಕಾದಂಬರಿಕಾರನಿಗೆ ತೋರಿಸಿದನು. ೧೯೩೫ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಹೊರಬಂದುದು ಆ ಗ್ರೀನನ ಪ್ರಯತ್ನದಿಂದ. ಇಬ್ಬರೂ ಮುಖಾಮುಖಿಯಾಗಿ ಭೇಟಿಯಾದುದು ೧೯೫೬ರಲ್ಲಿ, ಲಂಡನ್ನಿನಲ್ಲಿ. ನಡುವಿನ ಇಪ್ಪತ್ತು ವರ್ಷಗಳ ಸ್ನೇಹವೆಲ್ಲ ಅಂಚೆಯಲ್ಲಿಯೇ ನಡೆಯಿತು. ಆ ಪತ್ರಗಳಿಂದ ಗ್ರೀನನ ಹೆಸರನ್ನಷ್ಟೇ ಕತ್ತರಿಸಿ ತೆಗೆದಿದ್ದರೆ ಏನು ಉಳಿಯುತ್ತಿತ್ತು?

ಕಾಗದವನ್ನೇ ಮುಟ್ಟದ ಒಂದು ಮಾತೂ ಉಂಟು. ೧೯೨೪ರಲ್ಲಿ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಪುಟ್ಟಪ್ಪನೆಂಬ ವಿದ್ಯಾರ್ಥಿಯು ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರನ್ನು ನೋಡಲು ಹೋದನು. ಕವಿಗಳು ಅವನ ಪದ್ಯಗಳನ್ನು ನೋಡಿ, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿರುವೆಯಾ ಎಂದು ವಿಚಾರಿಸಿ, ಮಾತೃಭಾಷೆಯಲ್ಲಿಯೇ ಬರೆಯಬೇಕೆಂದು ಹೇಳಿದರು. ಆ ವಿದ್ಯಾರ್ಥಿಯೇ 'ಶ್ರೀ ರಾಮಾಯಣ ದರ್ಶನಂ' ಬರೆದ ಕುವೆಂಪು. ಆ ಮಾತು ನಮಗೆ ಉಳಿದಿರುವುದು ಕೇಳಿದವರು ಮರೆಯದೆ ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟುದರಿಂದ.

ನನ್ನ ಮೇಜಿನ ಮೇಲಿನ ಆಟೋಗ್ರಾಫ್ ಪುಸ್ತಕಕ್ಕೆ ಬರುತ್ತೇನೆ. ಆ ಹುಡುಗನು ಕೇಳಿದ್ದುದು ಒಂದು ಸಹಿ. ನಾನು ನಿನ್ನೆಯ ರಾತ್ರಿ ಕುಳಿತು ಅದರ ಒಂದು ಗುಲಾಬಿ ಹಾಳೆಯ ಎರಡೂ ಮಗ್ಗುಲಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಪತ್ರವನ್ನೇ ಬರೆದಿದ್ದೇನೆ. ಹೆಸರು ಎರಡನೆಯ ಮಗ್ಗುಲಿನ ಕೆಳಗಿದೆ. ಅದರ ಬೆನ್ನಿಗೆ ಸರಿಯಾಗಿ, ಮೊದಲ ಮಗ್ಗುಲಿನಲ್ಲಿ, ಅವನು ಮನೆಗೆ ಹೋಗಿ ತನ್ನ ತಂದೆಯವರಿಗೆ ಓದಿಹೇಳಬೇಕಾದ ಎರಡು ಸಾಲುಗಳು ಬರುವಂತೆ ಅಳೆದು ಬರೆದಿದ್ದೇನೆ. ಅವನ ತಂದೆಯವರೂ ಇಂದು ಬಂದಿದ್ದಾರೆಂದು ಕಾಣುತ್ತದೆ. ಸಭೆ ಮುಗಿದ ಮೇಲೆ ಇಬ್ಬರೂ ನನ್ನ ಕೊಠಡಿಗೆ ಬಂದು ಪುಸ್ತಕವನ್ನು ತೆಗೆದುಕೊಂಡು ಹೋಗಬಹುದು.